ಕಡೆಯ ಹಾಲುಹಲ್ಲು

ನಾರು ಬರುತ್ತಿಲ್ಲ, ತುದಿ ಮುರಿದರೆ ತುದಿಯಷ್ಟೇ ಕೈಗೆ ಬರುತ್ತದೆ, ಚವಳಿಕಾಯಿ ಎಳಸಾಗಿದ್ದಾಗ ಹೀಗೇ, ಬಲಿತದ್ದಾದರೆ ಉದ್ದಕ್ಕೆ ಸುಲಿದುಕೊಂಡು ಬರುತ್ತದೆ, ಇಗೋ ಇದೊಂದು ಬಂತು, ತೆಳ್ಳಗೆ, ತುದಿಯಲ್ಲಿ ಸ್ವಲ್ಪ ಸುರುಳಿಯಾಗಿ — ಥೂ, ಮತ್ತೆ ಅದೇ ನೆನಪು, ಕುಷ್ಟಗಿಯ ಹಲ್ಲಿನ ಡಾಕ್ಟರ ಸೂಜಿಯ ತುದಿಗೆ ಅಂಟಿಕೊಂಡು ಮೊಮ್ಮಗಳ ಹಲ್ಲಿನೊಳಗಿಂದ ಬಂದ ಎಳೆ, ಹಸಿರಲ್ಲ ಅದು, ಕಂದು, ಅರ್ಧ ಕೊಳೆತದ್ದು, ಬಚ್ಚಲ ಜಾಲರಿಗೆ ಸಿಕ್ಕ ಕೂದಲಿನ ಹಾಗೆ, ಅವರು ಅದನ್ನು ಬಿಳಿ ಬಟ್ಟೆಗೆ ಒರೆಸಿ ಮತ್ತೆ ಸೂಜಿ ಇಳಿಸಿದರು, ಮತ್ತೆ ಒಂದಿಷ್ಟು ಬಂತು, ನಾನು ಸೆರಗು ಮೂಗಿಗೆ ಹಿಡಿದು ನಿಂತಿದ್ದೆ, ಇಷ್ಟು ವರ್ಷ ಸಗಣಿ ಬಳಿದ ಕೈ, ಎಮ್ಮೆಯ ಹೊಟ್ಟೆಯಿಂದ ಸತ್ತ ಕರು ಎಳೆದ ಕೈ, ಅದಕ್ಕೆಲ್ಲ ಹೇಸದವಳು ಆ ಒಂದು ಎಳೆಗೆ ಹೇಸಿದೆ, ಎಳೆಗೇನು ಹೇಸುವುದು, ಅದು ಒಳಗೆ ಕೊಳೆಯುವ ತನಕ ನಾವೆಲ್ಲ ಹಬ್ಬದ ಹೋಳಿಗೆ ತಿನ್ನುತ್ತ ಕೂತಿದ್ದೆವಲ್ಲ ಅದಕ್ಕೆ. ಬಿಸಿಲು ಇನ್ನೂ ಕಟ್ಟೆಗೆ ಬಂದಿಲ್ಲ. ಸೊಸೆ ಸುರೇಖಾ ಬೆಳಗಿನ ಬಸ್ಸಿಗೆ ಮಗಳನ್ನು ಕರೆದುಕೊಂಡು ಕುಷ್ಟಗಿಗೆ ಹೋದಳು, ಹಲ್ಲಿಗೆ ಸ್ಟೀಲಿನ ಟೊಪ್ಪಿಗೆ ಹಾಕಿಸಲು, ಹೋಗುವಾಗ ನನ್ನ ಮೊರದ ಅಂಚಿಗೆ ಒಂದು ಲಕೋಟೆ ಇಟ್ಟು ಹೋದಳು, ಬರ್ತೀನ್ರೀ ಅತ್ತಿ ಎಂದದ್ದು ಬಿಟ್ಟರೆ ಒಂದು ಮಾತಿಲ್ಲ. ನನ್ನದೇ ಲಕೋಟೆ. ಶ್ಯಾವಿಗೆ ಡಬ್ಬಿಯ ತಳದಲ್ಲಿ ಬಚ್ಚಿಟ್ಟದ್ದು, ಯುಗಾದಿ ಮುಗಿದ ವಾರ ಬರೆದದ್ದು, ಈಗ ಎತ್ತುಗಳ ಹಬ್ಬ ಕಾರಹುಣ್ಣಿಮೆ ಬಾಗಿಲಿಗೆ ಬಂತು, ನಾನು ಹಚ್ಚದೆ ಬಿಟ್ಟಿದ್ದ ಸ್ಟಾಂಪನ್ನು ಅದಕ್ಕೆ ಯಾರೋ ಹಚ್ಚಿದ್ದಾರೆ, ಯಾರೋ ಏನು, ಸೊಸೆಯೇ, ತನ್ನ ತವರಿಗೆ ಹೋಗಬೇಕಾದ ಪತ್ರಕ್ಕೆ ತಾನೇ.

ಎಳೆಗಿಂತ ಹೇಸಿಗೆ ಬೆರಳು. ಬೀಗತಿ ಶೇಖರಮ್ಮನ ಬೆರಳು. ಸುರೇಖಾಳ ತಾಯಿ ಅವಳು, ಮರಳಿ ಎಂಬ ಊರಿನವಳು, ಕಾಲುವೆ ನೀರಿನ ಗದ್ದೆ ಕಂಡವಳು, ನಮ್ಮೂರು ತಾವರಗೇರಾಕ್ಕೆ ಬಂದಾಗೆಲ್ಲ ನಮ್ಮ ಜೋಳದ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದು, ತಿಂದ್ರ ದವಡಿಗೆ ಛಲೋ ವ್ಯಾಯಾಮ ಬಿಡ್ರಿ ಎನ್ನುವವಳು. ಯುಗಾದಿಗೆ ಮಗ ಗುರುಬಸವನನ್ನು ಕರೆದುಕೊಂಡು ಬಂದಿದ್ದಳು, ಭತ್ತ ಕೊಯ್ಯುವ ಮಷೀನು ಓಡಿಸುವ ಹುಡುಗ, ಹುಡುಗ ಎಲ್ಲಿಂದ, ಗಂಡಸು, ಗಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು, ಮೊಮ್ಮಗಳು ದೀಪಿಕಾ ಅವನನ್ನು ಮಾಮಾ ಎಂದು ಕರೆದು ಅವನು ತಂದ ಚಕ್ಕುಲಿ ಪೊಟ್ಟಣ ಕಿತ್ತುಕೊಂಡು ಓಡುವವಳು. ಶೇಖರಮ್ಮ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕುತ್ತಿದ್ದಳು, ತಿಕ್ಕಿ ಬಾಯಿಗೆ ಹಾಕಿಕೊಂಡಳು, ಬಾ ಇಲ್ಲೆ ದೀಪಿ, ಬಾಯಿ ತಗಿ ಎಂದಳು, ಅದೇ ಕೈ, ತೊಳೆಯಲಿಲ್ಲ, ಒರೆಸಲೂ ಇಲ್ಲ, ಹೆಬ್ಬೆರಳಿನಿಂದ ಹುಡುಗಿಯ ಕೆಳತುಟಿ ಇಳಿಸಿ ತೋರುಬೆರಳನ್ನು ಒಳಗೆ ಬಿಟ್ಟಳು, ಉಗುರಿನ ಸಂದಿಯಲ್ಲಿ ಹಳದಿ ಕಟ್ಟಿತ್ತು, ಬೆರಳು ಒಂದೊಂದೇ ಹಲ್ಲನ್ನು ಒತ್ತುತ್ತ ಹಿಂದೆ ಹಿಂದೆ ಹೋಯಿತು, ದೀಪಿಕಾಳ ನಾಲಗೆ ಬಿಲದೊಳಗಿನ ಪ್ರಾಣಿಯ ಹಾಗೆ ಗಂಟಲ ಕಡೆ ಸರಿಯಿತು, ಕಣ್ಣು ನನ್ನ ಕಡೆ ತಿರುಗಿದವು, ಕಚ್ಚಲಿಲ್ಲ, ಕಚ್ಚಬೇಕಿತ್ತು, ಹದಿನಾಲ್ಕು ವರ್ಷದ ಹುಡುಗಿ ದೊಡ್ಡವರ ಬೆರಳನ್ನು ಕಚ್ಚಬಾರದೆಂದು ಕಲಿಸಿದವರು ಯಾರು, ನಾವೇ. ಗುರುಬಸವ ಗೋಡೆಯ ಕ್ಯಾಲೆಂಡರು ನೋಡುತ್ತ ಕೂತ, ಮುಗಿದುಹೋದ ತಿಂಗಳಿನದು, ಅದನ್ನೇ ಓದಿದ. ನಮ್ಮವರು ನೆನಪಾದರು, ನನ್ನ ಗಂಡ ಕೊಟ್ರಪ್ಪ, ಎತ್ತಿನ ಸಂತೆಯಲ್ಲಿ ಹೀಗೇ ಹೋರಿಯ ತುಟಿ ಎತ್ತಿ ನೋಡುತ್ತಿದ್ದರು, ಆದರೆ ಮೊದಲು ಅದರ ಮೂಗು ಸವರುತ್ತಿದ್ದರು, ಬೆರಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದರು, ಹಾಲುಹಲ್ಲು ಕಂಡರೆ ಅಲ್ಲಿಗೇ ಬಿಟ್ಟು, ಇದರ ಹೆಗಲು ಇನ್ನಾ ಹಸಿ ಐತೋ ತಮ್ಮಾ, ಎರಡು ಹಲ್ಲು ಹಚ್ಚಲಿ ಬರ್ತೀನಿ ಎಂದು ಮುಂದಿನ ಗೂಟಕ್ಕೆ ಹೋಗುತ್ತಿದ್ದರು. ಮೂಕಪ್ರಾಣಿಗೆ ಅಷ್ಟು. ಶೇಖರಮ್ಮ ಬೆರಳು ಹೊರಗೆ ತೆಗೆದಳು, ತುದಿಯಲ್ಲಿ ಮಗುವಿನ ಎಂಜಲು ಮಿಂಚಿತು, ಅದನ್ನು ನಮ್ಮ ಚಾಪೆಗೆ ಒರೆಸಿ ನಕ್ಕಳು, ಕಡೀದು ಇನ್ನಾ ಐತಲ್ರೀ ಬೀಗತ್ಯಾರ, ಎಡಗಡಿ ದವಡಿಯಾಗ, ಹಾಲುಹಲ್ಲು, ಗಟ್ಟಿ ಕುಂತೈತಿ.

ಎರಡೂ ಮನೆತನದಲ್ಲಿ ಒಂದು ಮಾತಿದೆ, ಹೆಣ್ಣುಮಗುವಿನ ಹಾಲುಹಲ್ಲುಗಳನ್ನು ಸಗಣಿಯಲ್ಲಿ ಸುತ್ತಿ ತನ್ನ ಮನೆಯ ಮಾಳಿಗೆಗೆ ಎಸೆಯಬೇಕು, ಕಡೆಯದನ್ನು ಮಾತ್ರ ಸೋದರಮಾವನ ಮಾಳಿಗೆಗೆ, ಅದು ಬಿದ್ದ ಮನೆಗೆ ಹುಡುಗಿ ಬಿದ್ದ ಹಾಗೆ, ಮಾತು ಮುಗಿದ ಹಾಗೆ. ಎಷ್ಟೋ ಕಡೆ ಈಗ ಬರೀ ಆಟ, ಮಾವ ಹಲ್ಲು ಇಸಿದುಕೊಂಡು ಒಂದು ಲಂಗ ಕೊಡಿಸಿ ನಗುತ್ತಾನೆ. ಶೇಖರಮ್ಮ ಆಟಕ್ಕೆ ಬಂದಿರಲಿಲ್ಲ. ಈಗ ಲಗ್ನ ಮಾಡ್ತೀವಿ ಅಂದೇನ್ರಿ, ಹದಿನೆಂಟು ತುಂಬ್ಲಿ, ಕಾಯ್ದೆ ನಮಗೂ ತಿಳಿತೈತಿ, ಅಂಗನವಾಡಿಯಾಕಿ ಬಂದು ಕೇಳಿದ್ರ ಮಾತಿಗೇನು ಕೇಸಿಲ್ಲ, ಹಲ್ಲು ಒಗದು ಮಾತು ಗಟ್ಟಿ ಮಾಡೂಣು, ಇವಗೂ ಹೊರಗ ಹೆಣ್ಣು ಸಿಗವಲ್ದು, ಇಕಿ ಆದ್ರ ಮನೀ ಕೂಸು. ಹೊರಗೆ ಹೆಣ್ಣು ಸಿಗದ್ದಕ್ಕೆ ಮನೆಯ ಕೂಸಿನ ಬಾಯಿಗೆ ಬೆರಳು. ನಾನು ಹೇಳಿದೆ, ಹಲ್ಲು ಇನ್ನಾ ಬಿದ್ದಿಲ್ಲಲ್ರಿ, ಬೀಳಲಿ ತಗೋರಿ. ಬೀಳದಿದ್ರ ಬೀಳಸೂಣು, ಕಾರಹುಣ್ಣಿಮಿಗೆ ಬರ್ತೀನಿ, ಕರೀ ದಾರ ನಾನೇ ತರ್ತೀನಿ, ಒಂದು ತುದಿ ಹಲ್ಲಿಗೆ, ಒಂದು ತುದಿ ಬಾಗಲಾ ಚಿಲಕಕ್ಕ, ಕಣ್ಣ ಮುಚ್ಚಿ ತಗಿಯೂದ್ರಾಗ ಮುಗೀತೈತಿ, ಇಕಿ ಅವ್ವಂದೂ ಹಂಗ ತಗದಾಕಿ ನಾನು ಎಂದಳು, ಸುರೇಖಾ ಆಗ ಒಲೆಯ ಮುಂದೆ ಕೂತಿದ್ದಳು, ಕೈ ತಾನಾಗಿ ಬಾಯಿಗೆ ಹೋಯಿತು, ನಾನು ಕಂಡೂ ಕಾಣಲಿಲ್ಲ, ಅವಳು ನಕ್ಕರೂ ಮಾತಾಡಿದರೂ ಬಾಯಿಗೆ ಕೈ ಅಡ್ಡ ಹಿಡಿಯುವವಳು, ಸಂಸ್ಕಾರವಂತೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ನನ್ನ ಮಗ ನಾಗೇಶ ಅಂಗಿ ತೊಟ್ಟು ಹೊರಬಿದ್ದ, ಇದು ಹೆಣಮಕ್ಕಳ ವ್ಯವಹಾರ ಐತಿ, ನಡುವ ನನ್ನ ತರಬ್ಯಾಡ್ರಿ ಎಂದು, ಮಗಳ ಬಾಯಿ ಹೆಂಗಸರ ವ್ಯವಹಾರ. ಅವರು ಹೋದ ಮೇಲೆ ದೀಪಿಕಾ ಬಾವಿಕಟ್ಟೆಗೆ ಹೋಗಿ ಬಾಯಿ ಮುಕ್ಕಳಿಸಿದಳು, ಮುಕ್ಕಳಿಸಿದಳು, ಕೊಡ ಖಾಲಿಯಾಗುವ ತನಕ, ಆಮೇಲೆ ಬಂದು ನನ್ನ ತೊಡೆಗೆ ಆತು ಕೂತು, ಆಯಿ, ಹಲ್ಲು ನಂದು, ಬಾಯಿ ನಂದು, ಮಾಳಿಗಿ ಯಾಕ ಮಾಮಂದು ಎಂದು ಕೇಳಿದಳು. ಮಲಗಾ ಎಂದೆ.

ಅದಕ್ಕೇ ಪತ್ರ. ಫೋನಿನಲ್ಲಿ ಶೇಖರಮ್ಮನನ್ನು ಗೆದ್ದವರಿಲ್ಲ, ಹಲೋ ಎನ್ನುವುದರೊಳಗೆ ಅವಳ ಮಾತು ಹೊಲದ ಬದು ಒಡೆದು ನುಗ್ಗಿರುತ್ತದೆ, ಕಾಗದದ ಮೇಲಿನ ಮಾತಿಗೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ, ಅದನ್ನು ನನಗೆ ಹೇಳಿಕೊಟ್ಟವರು ರಾತ್ರಿ ಸಾಲೆಯ ಹೇಮಪ್ಪ ಮಾಸ್ತರರು, ನಾಗೇಶ ಹೈಸ್ಕೂಲಿಗೆ ಹೋಗುವಾಗ ನಾನು ಗುಡಿಯ ಪಡಸಾಲೆಯಲ್ಲಿ ಪಾಟಿ ಹಿಡಿದು ಕೂತವಳು, ಪಕೀರಮ್ಮ ಎಂದು ನನ್ನ ಹೆಸರು ಮೊದಲ ಸಲ ಬರೆದಾಗ ಕ ಅಕ್ಷರ ತಲೆಕೆಳಗಾದ ಮಡಿಕೆಯ ಹಾಗೆ ಬಂದಿತ್ತು. ಅವರು ಕಲಿಸಿದಂತೆಯೇ ಬರೆದೆ, ಮೇಲೆ ಊರು, ತಾರೀಖು, ಮಾನ್ಯ ಬೀಗತಿ ಶೇಖರಮ್ಮನವರಿಗೆ ಪಕೀರಮ್ಮ ಮಾಡುವ ನಮಸ್ಕಾರಗಳು, ಇತ್ತ ಕಡೆ ನಾವೆಲ್ಲ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯುವುದು — ಕ್ಷೇಮ ಎಂಬ ಅಕ್ಷರ ಬರೆಯುವಾಗ ಬಾಯೆಲ್ಲ ಕಹಿ, ಹೇಸಿಗೆಯ ಮೇಲೆ ಹೂ ಇಟ್ಟ ಹಾಗೆ, ಆದರೆ ಪತ್ರಕ್ಕೆ ಕ್ಷೇಮ ಬೇಕು ಎಂದು ಮಾಸ್ತರರು ಹೇಳಿದ್ದರು. ಆಮೇಲೆ ವಿಷಯ. ನಮ್ಮ ದೀಪಿಕಾಳ ಕಡೆಯ ಹಾಲುಹಲ್ಲು ಇನ್ನೂ ಬಿದ್ದಿಲ್ಲ, ಅದು ಬೀಳುವ ತನಕ ಮಾತು ಬೇಡ, ಹಿರಿಯರ ಪದ್ಧತಿ ಮೀರಬಾರದು, ಕಾರಹುಣ್ಣಿಮೆಗೆ ಬರುವ ತೊಂದರೆ ತೆಗೆದುಕೊಳ್ಳಬಾರದು. ಜಾಣತನ ಮಾಡಿದೆ ಎಂದುಕೊಂಡೆ. ಅನ್ನದ ಅಗುಳು ಹಚ್ಚಿ ಲಕೋಟೆ ಅಂಟಿಸುವ ಹೊತ್ತಿಗೆ ಸುರೇಖಾ ಬಂದು ಎದುರಿಗೆ ಕೂತಳು, ಅಕ್ಷರ ಓದಲಿಲ್ಲ, ವಿಳಾಸ ನೋಡಿದಳು, ಅತ್ತಿ, ನನ್ನ ತವರಮನಿ ಬಾಗಲಾ ಮುಚ್ಚಬ್ಯಾಡ್ರಿ, ಅಪ್ಪ ಹೋದ ಮ್ಯಾಲೆ ನನಗ ಅಂತ ಅಲ್ಲಿ ಉಳಿದದ್ದು ಒಂದು ಬಾಗಲಾ ಎಂದಳು. ಅವಳ ಮಾತು ಸುಳ್ಳಲ್ಲ, ಶೇಖರಮ್ಮ ಮುಚ್ಚಿದರೆ ಮುಚ್ಚಿದಳೇ. ಹೆಣ್ಣು ಅತ್ತರೆ ತವರಿನ ದಾರಿ ನೋಡಿ ಅಳುತ್ತಾಳೆ, ಆ ದಾರಿಗೆ ಮುಳ್ಳು ಹಚ್ಚುವವಳು ನಾನಾಗಬೇಕೇ. ಲಕೋಟೆ ಶ್ಯಾವಿಗೆ ಡಬ್ಬಿಗೆ ಹೋಯಿತು. ನಾಳೆ ನೋಡೋಣ ಎಂದೆ, ನನಗೆ ತಾಳ್ಮೆ ಬಹಳ ಎಂದು ಎಲ್ಲರೂ ಹೊಗಳುತ್ತಾರೆ, ತಾಳ್ಮೆ ಎಂದರೆ ಕೆಲವು ಸಲ ಮುಚ್ಚಳ ಹಾಕಿದ ಪಾತ್ರೆ, ಒಳಗೆ ಏನು ಹಳಸುತ್ತಿದೆ ಎಂದು ತೆಗೆದು ನೋಡದೆ ಇರುವುದು.

ಹಳಸಿದ್ದು ಅಲ್ಲಲ್ಲ, ಹುಡುಗಿಯ ಬಾಯಲ್ಲಿ. ಮೊದಲು ವಾಸನೆ ಬಂತು, ದೀಪಿಕಾ ನನ್ನ ಪಕ್ಕದಲ್ಲಿ ಮಲಗುವವಳು, ಅವಳ ಉಸಿರು ನನ್ನ ಕೆನ್ನೆಗೆ ತಾಗುತ್ತದೆ, ಹುಟ್ಟಿದಾಗಿನಿಂದ ಅದು ಹಾಲು, ಬೆಲ್ಲ, ಪೆಪ್ಪರಮಿಂಟು ಏನೋ ಒಂದು, ಈಗ ಚೀಲದ ತಳದಲ್ಲಿ ಕೊಳೆತ ಉಳ್ಳಾಗಡ್ಡಿ, ನಾನು ಆ ಕಡೆ ಮುಖ ತಿರುಗಿಸಿ ಮಲಗಿದೆ, ಹೊಟ್ಟೆಯ ವಾಸನೆ ಎಂದುಕೊಂಡೆ, ಓಮಿನ ನೀರು ಕುಡಿಸಿದೆ. ಆಮೇಲೆ ಒಸಡಿನ ಮೇಲೆ ಜೋಳದ ಕಾಳಿನಷ್ಟು ಗುಳ್ಳೆ, ಹಳದಿ ತಲೆ, ಒತ್ತಿದರೆ ಕೀವು, ದೀಪಿಕಾ ತಾನೇ ನಾಲಗೆಯಿಂದ ಒತ್ತಿ ಒತ್ತಿ ಉಗುಳುತ್ತಿದ್ದಳು, ಸಾಲೆಯಲ್ಲಿ ಪಕ್ಕದ ಹುಡುಗಿ ಜಾಗ ಬದಲಿಸಿಕೊಂಡಳಂತೆ. ಶೇಖರಮ್ಮ ಫೋನಿನಲ್ಲಿ ಸುರೇಖಾಳಿಗೆ ಹೇಳಿದಳು, ಹುಳ ಬಿದ್ದಿರ್ತೈತಿ, ತಗಸು, ಡಾಕ್ಟರ್ ಕಡಿ ಹೋದ್ರ ಸುಳ್ಳ ಚೀಟಿ ಬರೀತಾರ. ಯಲಬುರ್ಗಾ ಕಡೆಯಿಂದ ಬಂದ ಒಬ್ಬಳು ಸಂತೆಯ ದಿನ ಬೇವಿನ ಗಿಡದ ಕೆಳಗೆ ಕೂತಿರುತ್ತಾಳೆ, ಹಲ್ಲಿನ ಹುಳ ತೆಗೆಯುವವಳು, ಅವಳ ಹತ್ತಿರ ಕರೆದೊಯ್ದೆವು, ಕೆಂಡದ ಮೇಲೆ ಎಂಥದೋ ಬೀಜ ಹಾಕಿ ಹೊಗೆ ಎಬ್ಬಿಸಿ, ಪಪ್ಪಾಯಿ ಎಲೆಯ ದಂಟಿನಿಂದ ಅದನ್ನು ಬಾಯಿಗೆ ಬಿಡುತ್ತಾಳೆ, ಅದೇ ದಂಟು ಮುಂಚೆ ಮೂರು ಮಂದಿಯ ಬಾಯಲ್ಲಿ ಇದ್ದದ್ದು, ದೀಪಿಕಾ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿ ನೀರಿನ ತಟ್ಟೆಗೆ ಉಗುಳಿದಳು, ಅದರಲ್ಲಿ ಬಿಳಿ ಬಿಳಿ ಸಣ್ಣವು ತೇಲಿದವು, ನೋಡ್ರೀ ಯವ್ವ ಹೆಂಗ ಬಿದ್ದಾವ ಹುಳ ಎಂದು ಆಕೆ ತಟ್ಟೆ ನನ್ನ ಮೂಗಿಗೆ ಹಿಡಿದಳು. ನಾನು ಬಗ್ಗಿ ನೋಡಿದೆ. ಹುಳವಲ್ಲ, ಬಿಸಿಗೆ ಸಿಡಿದ ಬೀಜದ ಮೊಳಕೆ, ಕಾಳು ನೆನೆಹಾಕಿ ಬದುಕಿದವಳಿಗೆ ಮೊಳಕೆ ಗೊತ್ತಾಗದೇ. ಆ ರಾತ್ರಿಯೇ ಹುಡುಗಿಯ ಕೆನ್ನೆ ಬಾತು ಕಣ್ಣು ಸಣ್ಣದಾಯಿತು. ಸುರೇಖಾ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ನಾನು, ಮುಂಜಾನೆ ಬಸ್ಸಿಗೆ ಕುಷ್ಟಗಿಗೆ ನಡಿ, ನಿಮ್ಮವ್ವನ್ನ ಕೇಳೂದು ಬ್ಯಾಡ ಎಂದೆ.

ಶಾನವಾಜ ಡಾಕ್ಟರು ಚಿಕ್ಕ ವಯಸ್ಸಿನವರು, ನಮ್ಮ ಕಡೆಯ ಮಾತೇ, ಬಾಯಿ ಕಡೆ ನೋಡುವ ಮುಂಚೆ ಕೈಗೆ ರಬ್ಬರಿನ ಚೀಲ ಹಾಕಿಕೊಂಡರು, ಅದನ್ನೇ ನಾನು ನೋಡುತ್ತ ನಿಂತೆ, ಬೆರಳೆಲ್ಲ ಬೆಳ್ಳಗೆ, ಹುಡುಗಿಯನ್ನು ಕೇಳಿ, ಮುಟ್ಲೇನವಾ ಎಂದು ಕೇಳಿ ತುಟಿ ಮುಟ್ಟಿದರು. ಅಲ್ಲೂ ವಾಸನೆ, ಲವಂಗದ ಎಣ್ಣೆ, ಬಚ್ಚಲು ತೊಳೆಯುವ ನೀರಿನ ಘಾಟು, ಎಂಜಲು ಹೀರುವ ಕೊಳವೆಯ ಗರಗರ ಸದ್ದು, ಆದರೂ ಅದು ಬೇರೆ, ಗಾಯ ತೊಳೆಯುವ ವಾಸನೆ. ಫೋಟೋ ತೆಗೆದರು, ಕರಿ ಹಾಳೆಯಲ್ಲಿ ಬೆಳ್ಳಗೆ ಹಲ್ಲು, ದೊಡ್ಡ ಹಲ್ಲುಗಳ ನಡುವೆ ಗಿಡ್ಡದೊಂದು, ಬೇರು ಎರಡು ಕಾಲಿನ ಹಾಗೆ ಅಗಲಿಸಿಕೊಂಡು ನಿಂತಿದೆ, ಅದರ ಕೆಳಗೆ ಕರಿ, ಬರೀ ಕರಿ. ನೋಡ್ರೀ ಅಮ್ಮಾರ, ಎಲ್ಲಾ ಹಾಲುಹಲ್ಲಿನ ಕೆಳಗೂ ಕಾಯಂ ಹಲ್ಲು ಕುಂತಿರ್ತೈತಿ, ಅದು ಮ್ಯಾಲೆ ಬಂದು ನೂಕಿದ್ರ ಹಾಲುಹಲ್ಲು ಬೀಳತೈತಿ, ಇಕಿಗೆ ಈ ಜಾಗದಾಗ ಅದು ಹುಟ್ಟೇ ಇಲ್ಲ, ನೂಕವ್ರಿಲ್ಲ, ಅದಕ್ಕ ಇದು ಬಿದ್ದಿಲ್ಲ, ಈಗ ಹುಳುಕು ಒಳಗ ಇಳದು ನರ ಕೊಳತೈತಿ ಅಷ್ಟ. ಹಂಗಾರ ಕಿತ್ತು ಒಗೀರಿ ಎಂದಳು ಸುರೇಖಾ, ತಾಯಿಯ ಮಾತು ಅವಳ ಬಾಯಿಂದ ಬಂತು. ಕಿತ್ರ ಸಂದಿ ಹಂಗ ಉಳೀತೈತಿ, ಆಜುಬಾಜೂ ಹಲ್ಲು ವಾಲತಾವ, ಬೇರು ಗಟ್ಟಿ ಐತಿ, ಉಳಿಸೂಣು, ನರ ತಗದು ಒಳಗ ತೊಳದು ಔಷಧ ತುಂಬೂದು, ಸಣ್ಣ ಹುಡುಗರ ಹಾಲುಹಲ್ಲಿಗೆ ಕರಗೂ ಔಷಧ ತುಂಬತೀವಿ, ಹೊಸಾ ಹಲ್ಲಿಗೆ ಜಾಗ ಬೇಕಲ್ಲ, ಇಕಿಗೆ ಕರಗದ್ದು ತುಂಬಿ ಮ್ಯಾಲೆ ಸ್ಟೀಲಿನ ಟೊಪ್ಪಿಗಿ ಹಾಕೂದು. ಎಷ್ಟು ದಿನ ಇದ್ದೀತು ಎಂದು ನಾನು ಕೇಳಿದೆ. ಖಾತ್ರಿ ಹೇಳಾಕ ಬರಲ್ಲ, ಜೋಕಿಯಿಂದ ಇದ್ರ ಮಕ್ಕಳ ತಾಯಾದ್ರೂ ಇರತೈತಿ. ಆಮೇಲೆ ಡಾಕ್ಟರು ಕೇಳಿದರು, ಮನಿತನದಾಗ ಯಾರಿಗಾರ ಹಿಂಗ ಐತೇನ್ರಿ, ಇದು ರಕ್ತದಾಗ ಬರತೈತಿ. ಕೊಳವೆ ಗರಗರ ಎಂದಿತು. ಆಗ ಸುರೇಖಾ ಬಾಯಿಂದ ಕೈ ತೆಗೆದಳು, ತೆಗೆದ ಕೈಯಿಂದಲೇ ತನ್ನ ತುಟಿಯನ್ನು ಒಂದು ಬೆರಳಲ್ಲಿ ಇಳಿಸಿ ತೋರಿಸಿದಳು, ಅದೇ ದವಡೆ, ಅದೇ ಜಾಗ, ಖಾಲಿ ಒಸಡು, ಅದರ ಮೇಲೆ ಎರಡು ಕಡೆಯ ಹಲ್ಲು ಬೀಳಲಿರುವ ಗೋಡೆಯ ಹಾಗೆ ವಾಲಿಕೊಂಡಿವೆ. ಹದಿಮೂರಕ್ಕ ಕಿತ್ರು, ಕರೀ ದಾರ ಕಟ್ಟಿ, ನನ್ನ ಸೋದರಮಾವನ ಮಾಳಿಗಿಗೆ ಒಗದ್ರು, ಮಾವ ಸಿಂಧನೂರಿಂದ ಬ್ಯಾರೆದಾಕಿನ್ನ ಮಾಡ್ಕೊಂಡ, ನನ್ನ ಹಲ್ಲು ಅವರ ಮಾಳಿಗಿ ಮ್ಯಾಲೇ ಉಳೀತು, ಹೊಸಾದು ಬರತೈತಿ ಬರತೈತಿ ಅಂದ್ರು, ಬರಲಿಲ್ಲ. ಹದಿನಾರು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡಿದ್ದೇವೆ, ಒಂದೇ ಮಗ್ಗುಲಲ್ಲಿ ಅಗಿಯುವವಳನ್ನು ನಾನು ಎಮ್ಮಿ ಮೆಲಕು ಹಾಕಿದಂಗ ಉಣ್ಣತಾಳ ಎಂದು ನಗುತ್ತಿದ್ದೆ, ಅವಳೂ ನಗುತ್ತಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದು.

ನರ ತೆಗೆದ ದಿನ ದೀಪಿಕಾ ಅಳಲಿಲ್ಲ, ಸೂಜಿಮದ್ದು ಚುಚ್ಚುವಾಗ ನನ್ನ ಸೆರಗು ಹಿಂಡಿದಳು ಅಷ್ಟೇ, ಹಲ್ಲಿನ ಸುತ್ತ ರಬ್ಬರಿನ ಹಾಳೆ ಬಿಗಿದಿದ್ದರು, ಹಲ್ಲೊಂದೇ ಹೊರಗೆ, ಒಳಗಿಂದ ಮೊದಲು ಬಂದದ್ದು ಆ ವಾಸನೆ, ನಮ್ಮ ಹಾಸಿಗೆಯ ವಾಸನೆಯೇ, ಆದರೆ ಬುಡದಿಂದ ಎದ್ದದ್ದು, ಆಮೇಲೆ ಎಳೆ, ಕಂದು, ಥೂ, ಈ ಚವಳಿಕಾಯಿ ಇನ್ನು ಇವತ್ತು ನಾನು ತಿನ್ನಲಾರೆ. ಬಸ್ಸಿನಲ್ಲಿ ಬರುವಾಗ ಅರ್ಧ ತುಟಿ ಜೋಮು ಹಿಡಿದು ಮಾತು ಒಂದು ಕಡೆ ಸೋರುತ್ತಿದ್ದರೂ ಹುಡುಗಿ ಸುಮ್ಮನಿರಲಿಲ್ಲ, ಆಯಿ, ಸ್ಟೀಲಿನ ಟೊಪ್ಪಿಗಿ ಹಾಕಿದ ಮ್ಯಾಲೆ ಆ ಮರಳಿ ಊರ ಅಮ್ಮ ಬೆರಳ ಹಾಕಲಿ ನೋಡು ಎಂದಳು. ಸುರೇಖಾ ನಕ್ಕಳು, ಕೈ ಅರ್ಧ ದಾರಿಗೆ ಬಂದು ನಿಂತಿತು. ಸಂಜೆ ಶೇಖರಮ್ಮನ ಫೋನು, ಸುದ್ದಿ ಹೇಗೋ ಮುಟ್ಟಿತ್ತು, ಸುರೇಖಾ ಫೋನನ್ನು ದೊಡ್ಡದಾಗಿ ಕೇಳುವ ಹಾಗೆ ಮಾಡಿ ಕಟ್ಟೆಯ ಮೇಲಿಟ್ಟಳು, ಅಲ್ರೀ ಬೀಗತ್ಯಾರ, ನರ ತಗಸೀರಂತ, ನರ ಹೋತಂದ್ರ ಹಲ್ಲು ಸತ್ತಂಗ, ಸತ್ತದ್ದು ಬಿದ್ದಂಗ, ಇನ್ನ ಪದ್ಧತಿ ಅಡ್ಡ ಬರಲ್ಲ, ಆ ಟೊಪ್ಪಿಗಿ ಗಿಪ್ಪಿಗಿ ಹಾಕಸಬ್ಯಾಡ್ರಿ, ಹೆಣಕ್ಕ ಯಾಕ ಪೇಟ, ಕಾರಹುಣ್ಣಿಮಿಗೆ ದಾರ ತರ್ತೀನಿ. ಮಾತಾಡುತ್ತ ನಡುವೆ ತಂಬಾಕು ಉಗುಳಿದ ಸದ್ದು ಫೋನಿನಲ್ಲೂ ಕೇಳಿತು, ಪಚಕ್ಕನೆ, ನನ್ನ ಕಿವಿಗೇ ಬಿದ್ದ ಹಾಗೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು, ಹಲ್ಲಿನ ಹಿಂದೆ ನಿಂತು ಮಾತಾಡಿದರೆ ಹಲ್ಲಿನ ಲೆಕ್ಕವೇ ಬರುತ್ತದೆ, ಸತ್ತಿತೋ ಇದೆಯೋ, ಬಿತ್ತೋ ನಿಂತಿತೋ, ನಾನೇ ಹಾಕಿಕೊಟ್ಟ ದಾರಿ ಅದು. ಸುರೇಖಾ ಬಗ್ಗಿ ಫೋನು ಆರಿಸಿದಳು, ತಾಯಿ ಮಾತಾಡುತ್ತಿರುವಾಗಲೇ, ಹಾಗೆ ಅವಳು ಯಾವತ್ತೂ ಮಾಡಿದವಳಲ್ಲ.

ಕಾಯಿ ಮುಗಿದವು, ಸಿಪ್ಪೆ ನಾರು ಎಲ್ಲ ಎಮ್ಮೆಯ ಬುಟ್ಟಿಗೆ, ಲಕೋಟೆ ಅಲ್ಲೇ ಇದೆ, ಸ್ಟಾಂಪಿನ ಒಂದು ಮೂಲೆ ಎದ್ದಿದೆ, ಸುರೇಖಾ ಎಂಜಲಿನಿಂದ ಅಂಟಿಸಿರಬೇಕು. ಅವಳಿಗೆ ಒಳಗೆ ಏನಿದೆ ಗೊತ್ತಿಲ್ಲ, ಗೊತ್ತಿಲ್ಲದೆ ತನ್ನ ಬಾಗಿಲನ್ನು ನನ್ನ ಕೈಗೆ ಇಟ್ಟು ಬಸ್ಸು ಹತ್ತಿದಳು, ಒಳಗಿರುವುದು ಏನು, ಹಲ್ಲು ಬೀಳುವ ತನಕ ಮಾತು ಬೇಡ. ಅಷ್ಟೇ. ಅಷ್ಟಕ್ಕೆ ಅವಳು ತವರು ಬಿಡಬೇಕೇ. ಉಗುರು ತಾಗಿಸಿದೆ, ಅನ್ನದ ಅಗುಳು ಒಣಗಿ ಪುಡಿಯಾಗಿದೆ, ಲಕೋಟೆ ಬಾಯಿ ಬಿಟ್ಟಿತು, ಶ್ಯಾವಿಗೆಯ ಹಿಟ್ಟಿನ ವಾಸನೆ, ನನ್ನ ಅಕ್ಷರಗಳು, ಇತ್ತ ಕಡೆ ನಾವೆಲ್ಲ ಕ್ಷೇಮ. ದೀಪಿಕಾಳ ಪೆನ್ನು ಎಲ್ಲಿ, ಗೂಡಿನಲ್ಲಿದೆ, ಹೇಮಪ್ಪ ಮಾಸ್ತರರು ಎನ್ನುತ್ತಿದ್ದರು, ಪಕೀರಮ್ಮಾ, ಅಕ್ಷರ ಸೊಟ್ಟ ಆದ್ರ ಆಗಲಿ, ಮಾತು ನೆಟ್ಟಗ ಇರಲಿ. ಹಿರಿಯರ ಪದ್ಧತಿ ಎಂಬುದರ ಮೇಲೆ ಗೆರೆ ಎಳೆದೆ. ಬೀಳುವ ತನಕ ಎಂಬುದರ ಮೇಲೂ. ಕೆಳಗೆ ಬರೆದೆ, ಹಲ್ಲು ಬಿದ್ದರೂ ಕೊಡುವುದಿಲ್ಲ, ಬೀಳದಿದ್ದರೂ ಕೊಡುವುದಿಲ್ಲ, ಹುಡುಗಿ ಓದುತ್ತಾಳೆ, ಅವಳ ಬಾಯಿಗೆ ಇನ್ನು ಯಾರೂ ಕೈ ಹಾಕಬಾರದು, ಸುರೇಖಾ ನನ್ನ ಮಗಳು, ನೀವು ಬಾಗಿಲು ಹಾಕಿಕೊಂಡರೆ ಈ ಮನೆಯೇ ಅವಳ ತವರು, ಇಂತಿ ಪಕೀರಮ್ಮ. ಕ್ಷೇಮವನ್ನು ಹೊಡೆದುಹಾಕಲಿಲ್ಲ, ಇರಲಿ, ಪತ್ರಕ್ಕೆ ಬೇಕು. ನಿನ್ನೆಯ ಅನ್ನದ ಅಗುಳು ಹಚ್ಚಿದೆ, ಸ್ಟಾಂಪಿನ ಮೂಲೆಗೂ ಹಚ್ಚಿದೆ, ಚಪ್ಪಲಿ, ಬಾಗಿಲಿಗೆ ಚಿಲಕ, ಚಿಲಕ ಮುಟ್ಟಿದರೆ ಕರಿ ದಾರ ನೆನಪಾಗುತ್ತದೆ, ಸುರೇಖಾಳ ಬಾಯಿ ಕಿತ್ತಂಥ ಚಿಲಕ. ಬಿಸಿಲು ಬಂತು. ದಾರಿಯಲ್ಲಿ ಬಣ್ಣ ಬಳಿದ ಕೊಂಬಿನ ಎತ್ತು ಒಂದು ನಿಂತಿದೆ, ಹಬ್ಬಕ್ಕೆ ಮುಂಚೆಯೇ ಯಾರೋ ಅವಸರದವರು, ಅದು ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತದೆ, ಹಳೆ ಬಸ್‌ಸ್ಟ್ಯಾಂಡಿನ ಗೋಡೆಗೆ ಕೆಂಪು ಡಬ್ಬಿ, ಟಪಾಲು ಹಂಚುವ ಶಫೀಸಾಬ ಸೈಕಲ್ಲಿಗೆ ಆತು ಬೀಡಿ ಸೇದುತ್ತಿದ್ದಾನೆ, ಏನ ಪಕೀರಮ್ಮಕ್ಕ, ಕಾಗದಾ, ನಾ ಅನ್ಕೊಂಡಿದ್ದೆ ಈ ಡಬ್ಬಿಗೆ ಇನ್ನ ಜ್ಯಾಡರ ಹುಳಾನ ಟಪಾಲ ಹಾಕತಾವ ಅಂತ, ಇಲ್ಲೆ ಕೊಡು, ಚೀಲಕ್ಕ ಹಾಕತೀನಿ. ಬ್ಯಾಡೋ ತಮ್ಮಾ, ನಾನೇ ಹಾಕ್ತೀನಿ. ಮರಳಿಗಾ, ಬೀಗರಿಗಾ, ಹಬ್ಬಕ್ಕ ಕರಿಯಾಕೇನು. ಹೂಂ, ಬರಬ್ಯಾಡ್ರಿ ಅಂತ ಕರಿಯಾಕ. ಅವನು ನಕ್ಕ, ನನಗೆ ನಗು ಬರಲಿಲ್ಲ. ಡಬ್ಬಿಯ ಬಾಯಿ ಕಿರಿದು, ಕಬ್ಬಿಣದ ತುಟಿ ತುಕ್ಕು ಹಿಡಿದಿದೆ, ಅದನ್ನು ಹೆಬ್ಬೆರಳಿನಿಂದ ಎತ್ತಿ ಹಿಡಿಯಬೇಕು, ಎತ್ತಿದೆ, ಲಕೋಟೆ ಅರ್ಧ ಹೋಗಿ ನಿಂತಿತು, ಒಳಗೆ ಬಲೆ ಕಟ್ಟಿದೆ ನಿಜ, ತೋರುಬೆರಳಿನಿಂದ ನೂಕಿದೆ, ಇನ್ನೂ ಒಳಗೆ, ಒಳಗೆ ಕತ್ತಲು, ತಣ್ಣಗೆ, ಬಿತ್ತು, ತಳಕ್ಕೆ ಬಿದ್ದ ಸಪ್ಪಳ ಕೇಳಿಸಿತು, ಆಯಿತು, ಹೋಯಿತು, ಬೆರಳು ಇನ್ನೂ ಒಳಗೇ ಇದೆ, ತೆಗೆಯಬೇಕು, ಚವಳಿಕಾಯಿಯ ಹಸಿರು ಹತ್ತಿದ ನನ್ನ ಬೆರಳು, ತುಟಿ ಎತ್ತಿ ಒಳಗೆ ಹೋದ ಬೆರಳು, ಉಗುರಿನ ಸಂದಿಯಲ್ಲಿ ಹಳದಿ, ತೊಳೆಯದ್ದು, ಹಿಂದೆ ಸರಿದ ನಾಲಗೆ, ನನ್ನ ಕಡೆ ತಿರುಗಿದ ಕಣ್ಣು, ಆ ಬೆರಳು, ಶೇಖರಮ್ಮನದೋ ನನ್ನದೋ, ಆ ಬೆರಳು…